ಆರಿಸಿದರೂ ಆರದ ದೀಪ

ಮಳೆಗಾಲ ಹಿಡಿಯುವುದಕ್ಕೆ ಇನ್ನೂ ಹದಿನೈದು ದಿನವಿತ್ತು. ಶಾಲೆಯ ದಾಖಲಾತಿ ಕೆಲಸ ಮುಗಿಸಿ ಮನೆಗೆ ಬಂದು ಚಹಾ ಕುಡಿಯುತ್ತ ಕುಳಿತಿದ್ದೆ. ಒಂಬತ್ತನೇ ತರಗತಿ ಮುಗಿಸಿ ಹತ್ತಕ್ಕೆ ಬಂದಿದ್ದ ಹುಡುಗನೊಬ್ಬ ತನ್ನ ತಂದೆಯನ್ನು ಕರೆದುಕೊಂಡು ಬಂದ. ಕೈಯಲ್ಲಿ ನೋಟುಪುಸ್ತಕ. ಅದರ ಕೊನೆಯ ಹಾಳೆಯಲ್ಲಿ ವಿದ್ಯುತ್ ಗಂಟೆಯ ಚಿತ್ರವನ್ನೇ ತುಸು ಬದಲಿಸಿ ಬರೆದ ಒಂದು ರಿಲೇ ಚಿತ್ರ.

“ಸರ, ನಮ್ಮವ್ವ ಜಾರಿ ಬಿದ್ದು ಸೊಂಟದ ಎಲುಬು ಮುರಕೊಂಡಾಳ್ರಿ. ದಾಂಡೇಲಿಗೆ ಬಾ ಅಂದ್ರ ಊರ ಬಿಟ್ಟು ಬರಂಗಿಲ್ಲ. ತಮ್ಮನ ಹತ್ರನ ಇರ್ತಾಳ. ರಾತ್ರಿ ಎದ್ದಾಗ ಯಾರನ್ನೂ ಎಬ್ಬಸಂಗಿಲ್ಲ, ಕತ್ತಲಾಗ ಗ್ವಾಡಿ ಹಿಡಕೊಂಡ ಬಚ್ಚಲಕ್ಕ ಹೋಗ್ತಾಳ. ಸ್ವಿಚ್ಚೆಲ್ಲಾ ಹೊರಗಿನ ಪಡಸಾಲ್ಯಾಗ ಅದಾವು. ಇಂವಾ ನೋಡಿದ್ರ ರಿಲೇ ಕೂಡಸೂಣು, ಸರ್ ಹೇಳಿಕೊಡ್ತಾರ ಅಂತಾನ” ಎಂದರು ತಂದೆ.

ಊರು ಜೋಯಿಡಾ ತಾಲ್ಲೂಕಿನದು. ಮನೆಯಿಂದ ಮನೆಗೆ ಕೂಗಿದರೆ ಕೇಳಿಸದಷ್ಟು ದೂರ. ನಡುವೆ ಗದ್ದೆ, ಅದರಾಚೆ ಕಾಡು. ಅಂಗಳದ ದೀಪ ಹಾಕದೆ ಹಿಂಬಾಗಿಲು ತೆಗೆಯುವವರು ಅಲ್ಲಿ ಕಡಿಮೆ. ಹಾವು ಇರಬಹುದು, ಕರಡಿ ಇರಬಹುದು. ಆ ಅಜ್ಜಿಗೆ ಇನ್ನೊಮ್ಮೆ ಬೀಳುವ ಶಕ್ತಿ ಇರಲಿಲ್ಲ.

ಮೊದಲು ನಾನು ಹೇಳಿದ್ದು ಯಾವ ಮೇಷ್ಟರೂ ಹೇಳುವಂಥದನ್ನೇ. ರಿಲೇ ಯಾಕೆ? ಮೆಟ್ಟಿಲಿಗೆ ಹಾಕುವಂತೆ ಎರಡು ಕಡೆಯಿಂದ ಹಾಕಿ ಆರಿಸುವ ಟೂ-ವೇ ಸ್ವಿಚ್ ಹಾಕಿಸಿದರೆ ಮುಗಿಯಿತು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಈ ಅಂಕಣ ಓದುವ ಪಾಲಕರಿಗೂ ನನ್ನ ಮೊದಲ ಸಲಹೆ ಇದೇ. ಹತ್ತರಲ್ಲಿ ಎಂಟು ಮನೆಗಳಿಗೆ ಅಷ್ಟೇ ಸಾಕು.

ಆದರೆ ಹುಡುಗ ಬಿಡಲಿಲ್ಲ. “ಅಜ್ಜಿ ಹೊರಸು ಒಂದ ಕಡೆ ಇರಂಗಿಲ್ರಿ ಸರ್. ಬ್ಯಾಸಗ್ಯಾಗ ಪಡಸಾಲ್ಯಾಗ, ಮಳಿಗಾಲದಾಗ ಒಲಿ ಹತ್ರ. ಗ್ವಾಡಿ ಮಣ್ಣಿಂದು, ಮಳಿಗಾಲದಾಗ ಒದ್ದಿ ಇರತೈತಿ” ಎಂದ. ಹೊರಸಿನ ಜೊತೆ ತಿರುಗುವ ಸ್ವಿಚ್ ಎಂದರೆ ಉದ್ದ ವಯರಿನ ತುದಿಗೆ ನೇತಾಡುವ ಬೆಡ್ ಸ್ವಿಚ್. ಅದರಲ್ಲಿ ಹರಿಯುವುದು 230 ವೋಲ್ಟ್. ಹೊರಸಿನ ಕಾಲಿಗೆ ಸಿಕ್ಕು ವಯರಿನ ಸಿಪ್ಪೆ ಹೋಗಬಹುದು, ಇಲಿ ಕಡಿಯಬಹುದು, ಅಜ್ಜಿಯ ಕೈ ಒದ್ದೆ ಇರಬಹುದು. ಹುಡುಗನ ಮಾತಿನಲ್ಲಿ ಹುರುಳಿತ್ತು. ಅಜ್ಜಿಯ ಕೈಗೆ ಬರುವ ತಂತಿಯಲ್ಲಿ ಐದೇ ವೋಲ್ಟ್ ಇರಬೇಕು. ಆ ಐದು ವೋಲ್ಟ್ ದೂರದಲ್ಲಿರುವ 230 ವೋಲ್ಟಿಗೆ ಅಪ್ಪಣೆ ಕೊಡಬೇಕು. ಈ ಕೆಲಸಕ್ಕೆ ಇರುವುದೇ ರಿಲೇ.

ರಿಲೇ ಎಂಬ ಹೆಸರು ಬಂದದ್ದು ಹಳೆಯ ಟಪಾಲು ದಾರಿಗಳಿಂದ. ದಣಿದ ಕುದುರೆಯನ್ನು ಬಿಟ್ಟು ಮುಂದಿನ ಠಾಣ್ಯದಲ್ಲಿ ಹೊಸ ಕುದುರೆಯನ್ನು ಹೂಡುತ್ತಿದ್ದರಲ್ಲ, ಅದು ರಿಲೇ. ತಂತಿ ಸಂದೇಶವೂ ಮೈಲಿಗಟ್ಟಲೆ ಹೋಗಿ ದಣಿಯುತ್ತದೆ. ಆ ಬಡಕಲು ವಿದ್ಯುತ್ತಿಗೆ ಒಂದು ವಿದ್ಯುತ್ಕಾಂತವನ್ನು ಎಳೆಯುವಷ್ಟು ಶಕ್ತಿ ಇದ್ದರೆ ಸಾಕು. ಆ ಕಾಂತ ಇನ್ನೊಂದು ಬ್ಯಾಟರಿಯ ಸ್ವಿಚ್ಚನ್ನು ಮುಚ್ಚುತ್ತದೆ, ಹೊಸ ಕುದುರೆ ಓಡುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1835ರಷ್ಟು ಹಿಂದೆಯೇ ಇದನ್ನು ಮಾಡಿ ತೋರಿಸಿದ್ದ. ನಮ್ಮ ಅಂಬಿಕಾನಗರದ ಬಳಿಯ ನಾಗಝರಿ ವಿದ್ಯುದಾಗಾರದಂಥ ಕಡೆಗಳಲ್ಲೂ ದೊಡ್ಡ ಯಂತ್ರಗಳನ್ನು ಕಾಯುವುದು ರಿಲೇಗಳೇ. ಅಳತೆ ಮೀರಿತೆಂದು ಸಣ್ಣ ಪ್ರವಾಹವೊಂದು ಹೇಳುತ್ತದೆ, ಭಾರಿ ಸ್ವಿಚ್ಚು ಕಳಚಿಕೊಳ್ಳುತ್ತದೆ.

ಸುರುಳಿ ಇರುವ ಮಾಮೂಲು ರಿಲೇ ಕೆಟ್ಟದ್ದೇನಲ್ಲ. ಐದು ವೋಲ್ಟಿನದು ಸಕ್ಕರೆ ಅಚ್ಚಿನಷ್ಟು ದೊಡ್ಡದಿರುತ್ತದೆ, ಅಗ್ಗ, ಟಕ್ ಎಂದು ಸದ್ದು ಮಾಡಿ ತನ್ನ ಕೆಲಸ ಹೇಳಿಕೊಳ್ಳುತ್ತದೆ. ಆದರೆ ಒಂದೊಂದು ಸುರುಳಿಗೂ ಸುಮಾರು 70 ಮಿಲಿಆಂಪಿಯರ್ ಬೇಕು. ಸಂಪರ್ಕ ಬಿಂದುಗಳಲ್ಲಿ ಕಿಡಿ ಹಾರುತ್ತದೆ. ನಾಲ್ಕು ತಿಂಗಳು ಗೋಡೆಗೆ ಬೂಸಲು ಹಿಡಿಯುವ ನಮ್ಮ ಕಡೆ, ಮುಚ್ಚಿಗೆ ಭದ್ರವಿಲ್ಲದ ರಿಲೇಯೊಳಗೆ ತೇವ ಸೇರುತ್ತದೆ, ಇರುವೆಯೂ ಸೇರುತ್ತದೆ. ನನ್ನ ಮನೆಯ ಹಳೆಯ ಸ್ಟೆಬಿಲೈಸರ್ ಬಿಚ್ಚಿದಾಗ ಸಂಪರ್ಕ ಬಿಂದುಗಳ ನಡುವೆ ಸುಟ್ಟ ಇರುವೆಗಳ ಕರಿಯನ್ನು ಕೆರೆದು ತೆಗೆದಿದ್ದೇನೆ. ಚಲಿಸುವ ಭಾಗವೇ ಇಲ್ಲದ ಘನಸ್ಥಿತಿ ರಿಲೇ, ಅಂದರೆ ಸಾಲಿಡ್ ಸ್ಟೇಟ್ ರಿಲೇ ಮಾಡೋಣ ಎಂದು ಹುಡುಗನಿಗೆ ಹೇಳಿದೆ. ಅದರಲ್ಲಿ ನನ್ನ ಸ್ವಂತದ ಆಸೆಯೂ ಇತ್ತು ಎಂದು ಒಪ್ಪಿಕೊಳ್ಳಬೇಕು. 1990ರ ದಶಕದಿಂದ ವಿಜ್ಞಾನ ವಸ್ತುಪ್ರದರ್ಶನಗಳಿಗಾಗಿ ಈ ಮಂಡಲವನ್ನು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟಿದ್ದೆ. ಒಂದು ಮನೆಯಲ್ಲಿ ಅದು ದಿನವೂ ದುಡಿಯುವುದನ್ನು ನೋಡಿರಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಇದರ ಒಳಗಿನ ನಡೆ ತಿಳಿದುಕೊಳ್ಳಿ. ಇದರಲ್ಲಿ ಇಬ್ಬರು ಆಳುಗಳಿದ್ದಾರೆ. ಮೊದಲನೆಯವನು ಆಪ್ಟೋಕಪ್ಲರ್, ಆರು ಕಾಲಿನ ಸಣ್ಣ ಐಸಿ. ಅದರ ಒಂದು ಬದಿಯಲ್ಲಿ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ ಎಲ್‌ಇಡಿ, ಇನ್ನೊಂದು ಬದಿಯಲ್ಲಿ ಆ ಬೆಳಕು ಬಿದ್ದರೆ ಮಾತ್ರ ತೆರೆದುಕೊಳ್ಳುವ ಸಿಲಿಕಾನ್ ಚೂರು. ಇಬ್ಬರ ನಡುವೆ ತಂತಿ ಇಲ್ಲ. ದಾಟುವುದು ಬೆಳಕು ಮಾತ್ರ. ನಾವು ಬಳಸಿದ ಎಂಒಸಿ3063 ಎಂಬ ಐಸಿಯ ಎರಡು ಬದಿಗಳ ನಡುವಿನ ನಿರೋಧ ಪರೀಕ್ಷೆಯ ಹೊತ್ತಿಗೆ 7,500 ವೋಲ್ಟಿನ ಶಿಖರ ವಿಭವವನ್ನು ತಡೆಯುವಂಥದು. ಅಜ್ಜಿಯ ಕೈಗೂ ಕರೆಂಟಿಗೂ ನಡುವೆ ಇರುವ ಗೋಡೆ ಇದೇ.

ಎರಡನೆಯವನು ಟ್ರಯಾಕ್. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಎಸ್‌ಸಿಆರ್ ಎಂಬ ಸಾಧನವನ್ನು ತಂದಿತು. ಅದು ಒಂದೇ ದಿಕ್ಕಿನ ಪ್ರವಾಹವನ್ನು ಬಿಡುತ್ತದೆ. ಕೆಲವೇ ವರ್ಷಗಳಲ್ಲಿ ಎರಡೂ ದಿಕ್ಕಿಗೆ ಬಿಡುವ ತಮ್ಮ ಹುಟ್ಟಿದ, ಅವನೇ ಟ್ರಯಾಕ್. ಮೂರು ಕಾಲು, ಮೂರನೆಯದರ ಹೆಸರು ಗೇಟ್. ಗೇಟಿಗೆ ಸಣ್ಣ ಪ್ರವಾಹ ಕೊಟ್ಟರೆ ಬಾಗಿಲು ತೆರೆಯುತ್ತದೆ. ವಿಚಿತ್ರವೆಂದರೆ ಗೇಟಿನ ಪ್ರವಾಹ ನಿಂತರೂ ಬಾಗಿಲು ಮುಚ್ಚುವುದಿಲ್ಲ. ಉಳವಿ ಜಾತ್ರೆಗೆ ಹೋದವರು ಇದನ್ನು ಸುಲಭವಾಗಿ ಊಹಿಸಬಲ್ಲಿರಿ. ಗರ್ದಿ ನುಗ್ಗುತ್ತಿರುವಾಗ ಗುಡಿಯ ಬಾಗಿಲು ಹಾಕುತ್ತೇನೆಂದರೆ ಆಗುತ್ತದೆಯೇ? ಜನ ಒಂದು ಕ್ಷಣ ತೆರಪಾಗಬೇಕು, ಆಗ ಬಾಗಿಲು ತಾನೇ ಕೂಡಿಕೊಳ್ಳುತ್ತದೆ. ನಮ್ಮ ಮನೆಗೆ ಬರುವುದು 50 ಹರ್ಟ್ಜಿನ ಪರ್ಯಾಯ ವಿದ್ಯುತ್. ಅದು ಸೆಕೆಂಡಿಗೆ 100 ಸಲ ಸೊನ್ನೆಯನ್ನು ದಾಟುತ್ತದೆ. ಅಂದರೆ ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ತೆರಪು ಸಿಗುತ್ತದೆ. ನೇರ ವಿದ್ಯುತ್ತಿನಲ್ಲಿ ಇದೇ ಟ್ರಯಾಕ್ ಒಮ್ಮೆ ತೆರೆದರೆ ತೆರೆದದ್ದೇ.

3063 ಐಸಿಗೆ ಇನ್ನೊಂದು ಒಳ್ಳೆಯ ಗುಣವಿದೆ. ಸ್ವಿಚ್ಚನ್ನು ನೀವು ಯಾವ ಗಳಿಗೆಯಲ್ಲಿ ಒತ್ತಿದರೂ ಅದು ಅಲೆ ಸೊನ್ನೆಯ ಹತ್ತಿರ ಬರುವವರೆಗೆ ಕಾದು ಟ್ರಯಾಕನ್ನು ಎಬ್ಬಿಸುತ್ತದೆ. ಆದ್ದರಿಂದ ರೇಡಿಯೋದಲ್ಲಿ ಚರ್ ಎಂಬ ಸದ್ದು ಬರುವುದಿಲ್ಲ.

ಈ ಐಸಿಯನ್ನೇ ಯಾಕೆ ಆರಿಸಿದೆವು? ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು 3041. ಅದು 400 ವೋಲ್ಟಿನದು. 230 ವೋಲ್ಟಿಗೆ 400 ಧಾರಾಳವಾಯಿತು ಎಂದು ನೀವು ಹೇಳಬಹುದು. ಆದರೆ 230 ಎನ್ನುವುದು ಸರಾಸರಿಯ ಲೆಕ್ಕ. ಅಲೆಯ ಶಿಖರ ಅದರ 1.414 ಪಟ್ಟು, ಅಂದರೆ 325 ವೋಲ್ಟ್. ನಡುರಾತ್ರಿ ಎಲ್ಲರೂ ಮಲಗಿದ ಮೇಲೆ ಹಳ್ಳಿಯ ಲೈನಿನಲ್ಲಿ 260 ಬಂದರೆ ಶಿಖರ 368ಕ್ಕೆ ಏರುತ್ತದೆ. ಮೇಲೆ ಒಂದು ಗುಡುಗು ಸಿಡಿಲು ಬಂದರೆ ಮುಗಿಯಿತು. 600 ವೋಲ್ಟಿನ 3063, ಜೊತೆಗೆ 600 ವೋಲ್ಟಿನದೇ ಬಿಟಿಎ16 ಟ್ರಯಾಕ್ ತರಿಸಿದೆವು. ಹಳಿಯಾಳ, ದಾಂಡೇಲಿ ಎರಡೂ ಕಡೆ ಸಿಗಲಿಲ್ಲ. ಹುಬ್ಬಳ್ಳಿಗೆ ಹೋಗಿ ಬರುವವರ ಕೈಯಲ್ಲಿ ಚೀಟಿ ಕೊಟ್ಟು ತರಿಸಬೇಕಾಯಿತು. ದೀಪಕ್ಕೆ 16 ಆಂಪಿಯರಿನ ಟ್ರಯಾಕ್ ಅತಿಯಾಯಿತು ನಿಜ. ಆದರೆ ಅಗ್ಗದ ಬಿಟಿ136ರ ಬೆನ್ನಿನ ಲೋಹದ ಪಟ್ಟಿಯಲ್ಲೇ ಕರೆಂಟು ಇರುತ್ತದೆ. ಅದಕ್ಕೆ ಅಲ್ಯೂಮಿನಿಯಮ್ ತಗಡು ಬಿಗಿದರೆ ತಗಡೆಲ್ಲ ಕರೆಂಟು. ಬಿಟಿಎ ಎಂದು ಹೆಸರಿರುವವುಗಳ ಪಟ್ಟಿ ಒಳಗೇ ನಿರೋಧಿತವಾಗಿರುತ್ತದೆ. ಮಕ್ಕಳ ಕೈ ಆಡುವ ಕಡೆ ನಾನು ಇದನ್ನೇ ಬಳಸುತ್ತೇನೆ.

ನಾಲ್ಕು ದೀಪ, ನಾಲ್ಕು ರಿಲೇ: ಕೋಣೆ, ಬಚ್ಚಲ ದಾರಿ, ಬಚ್ಚಲು, ಹಿಂದಿನ ಅಂಗಳ. ಪ್ರತಿ ಐಸಿಯ ಎಲ್‌ಇಡಿಗೆ ಸರಣಿಯಲ್ಲಿ 330 ಓಮ್ ರೋಧಕ. ಎಲ್‌ಇಡಿ ತಾನು ಸುಮಾರು 1.3 ವೋಲ್ಟ್ ತಿನ್ನುತ್ತದೆ, ಉಳಿದ 3.7ನ್ನು 330ರಿಂದ ಭಾಗಿಸಿದರೆ 11 ಮಿಲಿಆಂಪಿಯರ್. ಐಸಿಗೆ ಬೇಕಾದದ್ದು 5. ನಾಲ್ಕೂ ದೀಪ ಹೊತ್ತಿದರೂ ಒಂದು ಸುರುಳಿ ರಿಲೇಯಷ್ಟೂ ಖರ್ಚಿಲ್ಲ. ಹೊರಸಿನಿಂದ ಪೆಟ್ಟಿಗೆಯವರೆಗೆ 15 ಮೀಟರ್ ಟೆಲಿಫೋನ್ ತಂತಿ ಎಳೆದೆವು. ಇಷ್ಟು ಸಪೂರ ತಂತಿ ಸಾಕೇ ಎಂದು ಹುಡುಗ ಕೇಳಿದ. ಲೆಕ್ಕ ಹಾಕು ಎಂದೆ. ಅರ್ಧ ಮಿಲಿಮೀಟರ್ ವ್ಯಾಸದ ತಾಮ್ರ, ಹೋಗಿ ಬರಲು 30 ಮೀಟರ್, ರೋಧ 3 ಓಮಿಗೂ ಕಡಿಮೆ. 11 ಮಿಲಿಆಂಪಿಯರಿಗೆ ಕಳೆದುಹೋಗುವುದು 0.03 ವೋಲ್ಟ್. ಓಮನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಹುಡುಗ ಮೊದಲ ಸಲ ಅದನ್ನು ಅಂಗಡಿಯಲ್ಲಿ ತಂತಿ ಕೊಳ್ಳಲು ಬಳಸಿದ.

ಆಚೆ ಬದಿಯ ಮಂಡಲಕ್ಕೆ ಐಸಿ ತಯಾರಕರು ಕೊಡುವ ಚಿತ್ರವನ್ನೇ ಹಿಡಿದೆವು. ಗೇಟಿನ ದಾರಿಯಲ್ಲಿ 360 ಓಮ್, ಗೇಟಿಗೂ ಪಕ್ಕದ ಕಾಲಿಗೂ ನಡುವೆ 330 ಓಮ್, ಟ್ರಯಾಕಿಗೆ ಅಡ್ಡಲಾಗಿ 39 ಓಮ್ ರೋಧಕ ಮತ್ತು 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರಿನ ಜೋಡಿ. ಈ ಕೊನೆಯ ಜೋಡಿಗೆ ಸ್ನಬ್ಬರ್ ಎನ್ನುತ್ತಾರೆ. ಹೆಸರು ನೆನಪಿಡಿ, ಕಥೆ ಇರುವುದೇ ಅಲ್ಲಿ.

ಮಕ್ಕಳು ಎಷ್ಟು ಮಾಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಪಾಲಕರು ಗಮನವಿಟ್ಟು ಓದಬೇಕು. ಹುಡುಗ ಬೆಸುಗೆ ಹಾಕಿದ, ಪರೀಕ್ಷಿಸಿದ. ಆದರೆ 230 ವೋಲ್ಟಿಗೆ ಅವನ ಕೈ ಒಮ್ಮೆಯೂ ತಾಗಲಿಲ್ಲ. ಶಾಲೆಯಲ್ಲಿ 12 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಬರುವ ಪರ್ಯಾಯ ವಿದ್ಯುತ್ತು ಮತ್ತು ಸ್ಕೂಟರಿನ ಬಲ್ಬು ಇಟ್ಟು ಇಡೀ ಪ್ಯಾನೆಲನ್ನು ಓಡಿಸಿ ನೋಡಿದೆವು. (ಹೀಗೆ ಪರೀಕ್ಷಿಸುವಾಗ ಗೇಟಿನ 360 ಓಮಿನ ಜಾಗದಲ್ಲಿ 100 ಓಮ್ ಹಾಕಿಕೊಳ್ಳಿ, ಇಲ್ಲದಿದ್ದರೆ ಟ್ರಯಾಕ್ ಸರಿಯಾಗಿ ಏಳುವುದಿಲ್ಲ. ಆಮೇಲೆ ಮರೆಯದೆ ಬದಲಿಸಿ.) ಐಸಿಯ ಎರಡು ಸಾಲು ಕಾಲುಗಳ ನಡುವಿನ ಅಂತರ 7.62 ಮಿಲಿಮೀಟರ್. ಐಸಿಯ ಹೊಟ್ಟೆಯ ಕೆಳಗೆ ಒಂದು ಬೆಸುಗೆಯ ಹನಿ, ಒಂದು ತಾಮ್ರದ ಪಟ್ಟಿ ಉಳಿದರೂ 7,500 ವೋಲ್ಟಿನ ಗೋಡೆಗೆ ಕಿಂಡಿ ಕೊರೆದಂತೆ. ಅಲ್ಲಿನ ಪಟ್ಟಿಗಳನ್ನು ಚಾಕುವಿನಿಂದ ಪೂರ್ತಿ ಕೆರೆಸಿದೆ. ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಬೇರೆ ಬೇರೆ ತೂತು: ಒಂದರಿಂದ ಐದು ವೋಲ್ಟಿನ ತಂತಿ, ಇನ್ನೊಂದರಿಂದ ಮನೆಯ ಕರೆಂಟು. ಸಾಗುವಾನಿಯ ಹಳೆಯ ಸ್ವಿಚ್ ಬೋರ್ಡು ನಮ್ಮ ಕಡೆ ಇನ್ನೂ ಮನೆಮನೆಯಲ್ಲಿದೆ. ಚೆಂದ, ಆದರೆ ಆಷಾಢದ ತೇವದಲ್ಲಿ ಕಟ್ಟಿಗೆ ಕಟ್ಟಿಗೆಯೇ.

ಐದು ವೋಲ್ಟಿಗೆ ಮೊಬೈಲ್ ಚಾರ್ಜರ್ ಬಳಸಿದೆವು. ಇಲ್ಲೊಂದು ಕಿವಿಮಾತು. ಅಜ್ಜಿಯ ಸ್ವಿಚ್ಚು ಎಷ್ಟು ಕ್ಷೇಮ ಎಂದರೆ ಆ ಚಾರ್ಜರ್ ಎಷ್ಟು ಕ್ಷೇಮವೋ ಅಷ್ಟೇ. ಐಸಿ ಎಷ್ಟೇ ಒಳ್ಳೆಯದಿದ್ದರೂ ಸಂತೆಯಲ್ಲಿ ಐವತ್ತು ರೂಪಾಯಿಗೆ ಕೊಂಡ ಹೆಸರಿಲ್ಲದ ಚಾರ್ಜರಿನೊಳಗೆ ಕರೆಂಟಿನ ಬದಿ ಮತ್ತು ಐದು ವೋಲ್ಟಿನ ಬದಿ ಕೂದಲೆಳೆಯ ಅಂತರದಲ್ಲಿದ್ದರೆ ಎಲ್ಲ ವ್ಯರ್ಥ. ಬಿಐಎಸ್ ಗುರುತಿರುವ, ಹೆಸರಾಂತ ಫೋನಿನ ಜೊತೆ ಬಂದ ಚಾರ್ಜರನ್ನೇ ಇಡಿ.

ಮನೆಯ ಕರೆಂಟಿನ ಜೋಡಣೆಗೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬಂದ. ಟೆಸ್ಟರ್ ಹಿಡಿದವನೇ ಬಚ್ಚಲ ದೀಪದ ಲೈನಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದನ್ನು ಹಿಡಿದ. ಎಷ್ಟು ವರ್ಷದಿಂದ ಹಾಗಿತ್ತೋ, ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತಿತ್ತು. ಅವನು ಸರಿಪಡಿಸಿದ. ಎಲ್ಲ ಸೇರಿ ಖರ್ಚು ಅವನ ಕೂಲಿ ಬಿಟ್ಟು 1,000 ರೂಪಾಯಿಗೆ ತುಸು ಕಡಿಮೆ.

ಅಜ್ಜಿಯ ಹೊರಸಿಗೆ ನಾಲ್ಕು ಸ್ವಿಚ್ಚುಗಳ ಸಣ್ಣ ಬೋರ್ಡು ಕಟ್ಟಿದೆವು. ಬೆರಳಿಗೆ ಗುರುತು ಸಿಗಲೆಂದು ಮೊಮ್ಮಗ ಮೂರನೆಯ ಸ್ವಿಚ್ಚಿಗೆ, ಬಚ್ಚಲಿನದಕ್ಕೆ, ಒಂದು ಹುಣಸೆ ಬೀಜ ಅಂಟಿಸಿದ್ದ. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮೊದಲಿನ ಸೂಪಾ ಊರನ್ನು ಕಣ್ಣಾರೆ ಕಂಡ ಮುದುಕಿ ಆಕೆ. ಮಲಗಿದಲ್ಲಿಂದಲೇ ಅಂಗಳದ ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. “ಮಾಸ್ತರ್ರ, ಸಪ್ಪಳ ಇಲ್ಲಲ್ಲ, ಹತ್ತಿದ್ದು ಹ್ಯಾಂಗ ಗೊತ್ತಾಗಬೇಕು?” ಎಂದು ಕೇಳಿದಳು. ಕಿಟಕಿಯಿಂದ ಕಾಣುತ್ತದಲ್ಲ ಅಜ್ಜಿ ಎಂದೆ. ನಾವೆಲ್ಲ ನಕ್ಕೆವು. ನಾನು ಊರಿಗೆ ಬಂದೆ.

ನಾಲ್ಕನೆಯ ದಿನ ಬೆಳಗ್ಗೆ ಫೋನು. ಹುಡುಗನ ಚಿಕ್ಕಪ್ಪ. “ಸರ, ದೀಪ ಆರಿಸಿದ್ರೂ ಆರವಲ್ದು. ರಾತ್ರಿ ಎಲ್ಲಾ ಮಿಣಿಮಿಣಿ ಅಂತಾವು. ಅಂಗಳದ್ದು ಎರಡ ಮೂರ ಸೆಕೆಂಡಿಗೊಮ್ಮೆ ಕಣ್ಣ ಹೊಡಿತೈತಿ. ಮನಿಯಾಗಿನ ಹೆಣ್ಮಕ್ಕಳು ಏನೋ ಹೊಕ್ಕೈತಿ ಅನ್ನಾಕ ಹತ್ಯಾರ.” ನಾನು ನಗುವಷ್ಟರಲ್ಲಿ ಮುಂದಿನ ಮಾತು ಬಂತು. “ಬಲ್ಬ್ ಕೆಟ್ಟಿರಬೇಕಂತ ಬಚ್ಚಲದ್ದು ತಗಿಯಾಕ ಹೋದೆ. ಸ್ವಿಚ್ ಆರಿಸೇ ಮುಟ್ಟಿದ್ದೆ. ಬೆರಳಿಗೆ ಜುಮ್ ಅಂತು.”

ನನ್ನ ಎದೆ ಧಸಕ್ಕೆಂದಿತು. ಎಲ್ಲ ಬಲ್ಬುಗಳ ಗೋಡೆ ಸ್ವಿಚ್ಚು ಆರಿಸಿ, ಯಾರೂ ಮುಟ್ಟಬೇಡಿ ಎಂದು ಹೇಳಿ, ಶಾಲೆಗೆ ರಜೆ ಬರೆದು ಜೋಯಿಡಾ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಂಡಲವನ್ನು ಬಿಡಿಸುತ್ತ ಕುಳಿತೆ. ಬಸ್ಸು ಇಳಿಯುವ ಮೊದಲೇ ಉತ್ತರ ಹೊಳೆದಿತ್ತು, ನಾಚಿಕೆಯೂ ಆಗಿತ್ತು.

ಕಾರಣ ಸ್ನಬ್ಬರ್. ಕೆಪ್ಯಾಸಿಟರ್ ನೇರ ವಿದ್ಯುತ್ತನ್ನು ತಡೆಯುತ್ತದೆ, ಪರ್ಯಾಯ ವಿದ್ಯುತ್ತನ್ನು ಪೂರ್ತಿ ತಡೆಯುವುದಿಲ್ಲ ಎಂದು ನಾನೇ ಕಲಿಸಿದ್ದೇನೆ. 0.01 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 50 ಹರ್ಟ್ಜಿಗೆ ಒಡ್ಡುವ ತಡೆ ಸುಮಾರು 3,18,000 ಓಮ್. 230ನ್ನು ಅದರಿಂದ ಭಾಗಿಸಿ: 0.72 ಮಿಲಿಆಂಪಿಯರ್. ಟ್ರಯಾಕಿನ ಬಾಗಿಲು ಭದ್ರವಾಗಿ ಮುಚ್ಚಿದ್ದರೂ ಪಕ್ಕದ ಈ ಬೆಕ್ಕಿನ ಕಿಂಡಿಯಿಂದ ಇಷ್ಟು ಪ್ರವಾಹ ಸದಾ ನುಸುಳುತ್ತಿರುತ್ತದೆ. ನಾನು ಇಪ್ಪತ್ತು ವರ್ಷ ಈ ಮಂಡಲವನ್ನು ಕಲಿಸಿದ್ದು ತಂತಿ ಸುರುಳಿಯ ಹಳೆಯ 60 ವ್ಯಾಟ್ ಬಲ್ಬಿನ ಜೊತೆ. ಅದಕ್ಕೆ 0.72 ಮಿಲಿಆಂಪಿಯರ್ ಎಂದರೆ ಆನೆಯ ಬೆನ್ನ ಮೇಲೆ ಇರುವೆ. ತಂತಿ ಬೆಚ್ಚಗೂ ಆಗುವುದಿಲ್ಲ. 2015ರಲ್ಲಿ ಉಜಾಲಾ ಯೋಜನೆ ಬಂತು, ನಮ್ಮ ರಾಜ್ಯದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಮನೆಮನೆಗೆ ಹೋದವು. ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲಿ ಡಯೋಡುಗಳೂ ಒಂದು ಕೆಪ್ಯಾಸಿಟರೂ ಇರುತ್ತವೆ. ನುಸುಳಿ ಬಂದ ಪ್ರವಾಹ ಆ ಕೆಪ್ಯಾಸಿಟರಿನಲ್ಲಿ ಹನಿಹನಿಯಾಗಿ ತುಂಬುತ್ತದೆ. ಕೆಲವು ಬಲ್ಬು ಮಂದವಾಗಿ ಮಿನುಗುತ್ತಲೇ ಇರುತ್ತವೆ. ಕೆಲವು ತುಂಬಿದಾಗೊಮ್ಮೆ ಮಿಂಚಿ ಬರಿದಾಗಿ ಮತ್ತೆ ತುಂಬಿಕೊಳ್ಳುತ್ತವೆ. ಅಂಗಳದ ದೀಪ ಕಣ್ಣು ಹೊಡೆದದ್ದು ಹೀಗೆ. ಶಾಲೆಯ ಸ್ಕೂಟರ್ ಬಲ್ಬಿನ ಪರೀಕ್ಷೆಯಲ್ಲಿ ಇದು ಹೇಗೆ ತಾನೇ ಕಾಣಬೇಕು? ಕಾಲ ಬದಲಾಗಿತ್ತು, ನನ್ನ ಪ್ರಯೋಗ ಬದಲಾಗಿರಲಿಲ್ಲ.

ಚಿಕ್ಕಪ್ಪನ ಬೆರಳು ಜುಮ್ಮೆಂದದ್ದೂ ಅದೇ 0.72 ಮಿಲಿಆಂಪಿಯರ್. ಮೈಗೆ ಗೊತ್ತಾಗುವುದಕ್ಕೆ ಸುಮಾರು ಅರ್ಧದಿಂದ ಒಂದು ಮಿಲಿಆಂಪಿಯರ್ ಸಾಕು. ಅದರಿಂದ ಸಾಯುವುದಿಲ್ಲ ನಿಜ. ಆದರೆ ಬಚ್ಚಲಲ್ಲಿ ಸ್ಟೂಲಿನ ಮೇಲೆ ನಿಂತವನು ಬೆಚ್ಚಿ ಕೆಳಗೆ ಬಿದ್ದರೆ? ಆ ಮನೆಯಲ್ಲಿ ಆಗಲೇ ಒಂದು ಸೊಂಟ ಮುರಿದಿತ್ತು. ಇದರಲ್ಲಿ ತಪ್ಪು ಪೂರ್ತಿ ನನ್ನದು. ಘನಸ್ಥಿತಿ ರಿಲೇಯಲ್ಲಿ ‘ಆರಿದೆ’ ಎಂದರೆ ‘ಕರೆಂಟು ಇಲ್ಲ’ ಎಂದಲ್ಲ. ಟ್ರಯಾಕ್ ಸುಟ್ಟುಹೋದರೂ ಸಾಮಾನ್ಯವಾಗಿ ಒಳಗೇ ಕೂಡಿಕೊಂಡು ಸುಡುತ್ತದೆ. ಆಗ ದೀಪ ಆರುವುದೇ ಇಲ್ಲ. ಅದಕ್ಕೆಂದೇ ಹಳೆಯ ಗೋಡೆ ಸ್ವಿಚ್ಚುಗಳನ್ನು ಪ್ಯಾನೆಲಿಗೆ ಮುಂಚೆ ಉಳಿಸಿಕೊಂಡಿದ್ದೆವು. ಬಲ್ಬು ಬದಲಿಸುವಾಗ ಗೋಡೆಯದನ್ನು ಆರಿಸಿ ಎಂದು ಬಾಯಿಮಾತಿನಲ್ಲಿ ಹೇಳಿಯೂ ಇದ್ದೆ. ಬರೆದು ಅಂಟಿಸಿರಲಿಲ್ಲ. ನಾಲ್ಕು ದಿನದ ಹಿಂದಿನ ಬಾಯಿಮಾತು ಯಾರಿಗೆ ನೆನಪಿರುತ್ತದೆ?

ಪರಿಹಾರಕ್ಕೆ ಮೂರು ದಾರಿ ಇದ್ದವು. ಸ್ನಬ್ಬರನ್ನೇ ಕಿತ್ತುಹಾಕುವುದು ಒಂದು. ಅದು ಇರುವುದು ಮುಖ್ಯವಾಗಿ ಫ್ಯಾನು, ಮೋಟಾರುಗಳಂಥ ಸುರುಳಿ ಇರುವ ಉಪಕರಣಗಳು ಕೊಡುವ ಏಟನ್ನು ತಡೆಯಲು. ದೀಪಕ್ಕೆ ಅಷ್ಟು ಬೇಕಿಲ್ಲ. ಆದರೆ ಸಿಡಿಲಿನ ದಿನ ಲೈನಿನ ಏರಿಳಿತಕ್ಕೆ ಟ್ರಯಾಕ್ ತಾನೇ ಎದ್ದು ಕುಳಿತೀತು ಎಂದು ಬಿಟ್ಟೆ. ಬಲ್ಬಿಗೆ ಸಮಾಂತರವಾಗಿ 33 ಕಿಲೋಓಮ್ ರೋಧಕ ಹಾಕುವುದು ಇನ್ನೊಂದು. ನುಸುಳುವ ಪ್ರವಾಹಕ್ಕೆ ಬೇರೆ ದಾರಿ ಸಿಕ್ಕಿ ದೀಪ ಆರುತ್ತದೆ. ಆದರೆ ದೀಪ ಹೊತ್ತಿದಾಗ ಆ ರೋಧಕವೇ 1.6 ವ್ಯಾಟ್ ಬಿಸಿ ಕಾರುತ್ತದೆ. ಹೊಳೆದ ಮೂರನೆಯದೇ ನನಗೆ ಹಿಡಿಸಿತು: ಬಲ್ಬಿಗೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡಿನ ಇನ್ನೊಂದು ಕೆಪ್ಯಾಸಿಟರ್. ಪಿಯುಸಿ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು. 0.01 ಮತ್ತು 0.1 ಸರಣಿಯಲ್ಲಿದ್ದಾಗ 230 ವೋಲ್ಟು ಅವುಗಳ ನಡುವೆ ತಿರುಗುಮುರುಗಾಗಿ ಹಂಚಿಕೆಯಾಗುತ್ತದೆ. ಸಣ್ಣದಕ್ಕೆ ಹತ್ತು ಪಾಲು, ದೊಡ್ಡದಕ್ಕೆ ಒಂದೇ ಪಾಲು. ಬಲ್ಬಿನ ಪಾಲಿಗೆ ಬರುವುದು ಸುಮಾರು 21 ವೋಲ್ಟ್. ಅಷ್ಟಕ್ಕೆ ಅದು ಮಿನುಗುವುದಿಲ್ಲ. ಶಕ್ತಿಯೂ ಪೋಲಾಗುವುದಿಲ್ಲ. ಒಂದೇ ಎಚ್ಚರ, ಈ ಕೆಪ್ಯಾಸಿಟರಿನ ಮೇಲೆ ಎಕ್ಸ್2 ಎಂಬ ಗುರುತು ಮತ್ತು 275 ವೋಲ್ಟ್ ಎಸಿ ಎಂದು ಇರಲೇಬೇಕು. ಎಕ್ಸ್2 ಜಾತಿಯವು ಲೈನಿಗೆ ಅಡ್ಡಲಾಗಿ ಸದಾ ಕೂತಿರಲೆಂದೇ ಮಾಡಿದವು. ರೇಡಿಯೋ ರಿಪೇರಿ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಅದು ಸಿಡಿದು ಹೊತ್ತಿಕೊಳ್ಳಬಹುದು.

ಮುಂದಿನ ಭಾನುವಾರ ಎಲೆಕ್ಟ್ರಿಷಿಯನ್ ನಾಲ್ಕೂ ಕಡೆ ಇದನ್ನು ಸೇರಿಸಿದ. 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಕೂಡಿಸಿದ. ನಿಜ ಹೇಳಬೇಕೆಂದರೆ ಪ್ಯಾನೆಲಿಗೂ ಮೊದಲು ಕೂಡಿಸಬೇಕಾದದ್ದು ಅದು. ಯಾರಿಗಾದರೂ ಕರೆಂಟು ಹೊಡೆದು ನೆಲಕ್ಕೆ ಇಳಿಯತೊಡಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುತ್ತದೆ. ಮನೆಯಲ್ಲಿ ಅದಿಲ್ಲದವರು ಬೇರೆಲ್ಲ ಪ್ರಯೋಗ ಬದಿಗಿಟ್ಟು ಮೊದಲು ಅದನ್ನು ಹಾಕಿಸಿ. ಪೆಟ್ಟಿಗೆಯ ಮುಚ್ಚಳದ ಮೇಲೆ ಹುಡುಗ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ: ‘ಬಲ್ಬ್ ತೆಗೆಯುವ ಮೊದಲು ಗೋಡೆ ಸ್ವಿಚ್ ಆರಿಸಿ.’ ಅಜ್ಜಿಯ ಬೋರ್ಡಿನ ಹಿಂದೆ: ‘5 ವೋಲ್ಟ್ ಮಾತ್ರ.’ ನಾಳೆ ಯಾರೋ ಬಂದು ಅದನ್ನು ಮಾಮೂಲು ಬೋರ್ಡೆಂದು ತಿಳಿದು ಕರೆಂಟು ಕೊಟ್ಟರೆ ಎಂಬ ಭಯ ನನಗೆ.

ಈ ಪ್ಯಾನೆಲಿನ ಸುದ್ದಿಯನ್ನು ತರಗತಿಯಲ್ಲಿ ಹೇಳಿದ ಮೇಲೆ ಅದು ಹೇಗೋ ಹಬ್ಬಿ, ಮುಂಡಗೋಡದಿಂದ ವಿದ್ಯಾರ್ಥಿಯೊಬ್ಬ ಪತ್ರ ಬರೆದಿದ್ದಾನೆ: ಇದರಿಂದ ಫ್ಯಾನು ನಡೆಸಬಹುದೇ, ಗದ್ದೆಯ ಪಂಪ್‌ಸೆಟ್? ಫ್ಯಾನನ್ನು ಹಾಕಿ ಆರಿಸಬಹುದು, ಸ್ನಬ್ಬರ್ ಮಾತ್ರ ತೆಗೆಯಬೇಡ. ವೇಗ ಹೆಚ್ಚು ಕಡಿಮೆ ಮಾಡಲು ಈ ಐಸಿ ಆಗದು. ಸೊನ್ನೆಗೆ ಕಾಯುವವನು ಅಲೆಯ ನಡುವೆ ಏಳಲಾರ. ಪಂಪ್‌ಸೆಟ್ ಬೇಡ. ಅದಕ್ಕೆ ಸ್ಟಾರ್ಟರ್ ಇದೆ, ಅದರ ಕೆಲಸ ಅದು ಮಾಡಲಿ. ಹಳಿಯಾಳದ ತಾಯಿಯೊಬ್ಬರು ಕೇಳಿದ್ದು ಬೇರೆ: ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮಗ ಬೆಸುಗೆ ಕಡ್ಡಿ ಹಿಡಿದು ಕೂತರೆ ಅಂಕ ಹೋಗುವುದಿಲ್ಲವೇ? ತಾಯೀ, ಹೋಗಬಹುದು. ಈ ಹುಡುಗನಿಗೂ ಜೂನ್ ತಿಂಗಳ ಗಣಿತದ ಕಿರುಪರೀಕ್ಷೆಯಲ್ಲಿ ಕಡಿಮೆಯೇ ಬಂತು. ವಾರಕ್ಕೆ ಒಂದು ಸಂಜೆ ಎಂದು ನಿಗದಿ ಮಾಡಿಕೊಡಿ, ಉಳಿದ ದಿನ ಕಡ್ಡಿ ನಿಮ್ಮ ಕಪಾಟಿನಲ್ಲಿರಲಿ.

ಫೋನಿನಿಂದಲೇ ನಡೆಸುವ ಬಲ್ಬುಗಳು ಅಂಗಡಿಯಲ್ಲಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನೆಟ್‌ವರ್ಕ್ ಸಿಗಲು ಆ ಮನೆಯವರು ಗುಡ್ಡ ಹತ್ತಬೇಕು. ಅಜ್ಜಿಗೆ ಫೋನು ಬಳಸಲು ಬರುವುದಿಲ್ಲ. ಹುಣಸೆ ಬೀಜ ಬೆರಳಿಗೆ ಸಿಗುತ್ತದೆ.

ದೀಪಗಳು ಸರಿಯಾದ ಹದಿನೈದು ದಿನಕ್ಕೆ ಮತ್ತೆ ಆ ಕಡೆ ಹೋಗುವ ಪ್ರಸಂಗ ಬಂತು. ಮಳೆ ಜೋರು ಹಿಡಿದಿತ್ತು. ಅಜ್ಜಿಯ ಹೊರಸು ಒಲೆಯ ಕಡೆ ಬಂದಿತ್ತು, ತಂತಿಯೂ ಜೊತೆಗೆ ಬಂದಿತ್ತು. ಈಗ ಪೂರ್ತಿ ಆರುತ್ತದೆಯಲ್ಲ ಅಜ್ಜಿ ಎಂದು ಹೆಮ್ಮೆಯಿಂದ ಕೇಳಿದೆ.

“ಆರತೈತಿ ಮಾಸ್ತರ್ರ. ಆದ್ರ ಮೊದಲಿನ ಮಿಣುಕ ಚಲೋ ಇತ್ತು. ನೀರಿನ ತಂಬಿಗಿ ಎಲ್ಲೈತಿ ಕಾಣತಿತ್ತು. ಮಂದಿ ನಿದ್ದಿ ಕೆಡತಿರಲಿಲ್ಲ. ಅದನ್ನ ಯಾಕ ತಗದ್ರಿ?”

ನಾನು ಸುಮ್ಮನೆ ನಿಂತೆ. ಹುಡುಗ ಮಾತ್ರ ಆಗಲೇ ನನ್ನ ಚೀಲದಲ್ಲಿ ಕೈಯಾಡಿಸುತ್ತಿದ್ದ. ಬಿಳಿಯ ಸಣ್ಣ ಎಲ್‌ಇಡಿ ಒಂದು, 1 ಕಿಲೋಓಮ್ ರೋಧಕ ಒಂದು. ಚಾರ್ಜರಿನ ಐದು ವೋಲ್ಟಿನ ಬದಿಗೆ ಸರಣಿಯಲ್ಲಿ ಕೂಡಿಸಿ, ಸ್ವಿಚ್ ಇಲ್ಲದೆ, ಅಜ್ಜಿಯ ಬೋರ್ಡಿನ ಅಂಚಿಗೆ ಬಿಗಿದ. ಎಲ್‌ಇಡಿಯ 3 ವೋಲ್ಟ್ ಹೋಗಿ ಉಳಿದ 2 ವೋಲ್ಟಿಗೆ 2 ಮಿಲಿಆಂಪಿಯರ್ ಎಂದು ನಾನು ಕೇಳುವ ಮೊದಲೇ ಲೆಕ್ಕ ಹೇಳಿದ. ಹಗಲು ಮಬ್ಬಾಗಿತ್ತು, ಅಜ್ಜಿ ತಂಬಿಗೆಯನ್ನು ಎಳೆದು ಆ ಬೆಳಕಿನ ಹತ್ತಿರ ಇಟ್ಟುಕೊಂಡಳು.